ಬಿಲ್ಲೆಯ ಬೆನ್ನು ಓದುವ ಹಾಶಿಮ್

ಟಣ್. ಸ್ವಲ್ಪ ಹೊತ್ತು ಬಿಟ್ಟು, ಟಪ್.

ಶಿವಾಜಿನಗರದ ಗಲ್ಲಿಯಲ್ಲಿ ಕೊನೆಯ ಆಟೊ ಸದ್ದಡಗಿದ ಮೇಲೆ ಹಾಶಿಮ್ ಕಡಪ ಕಲ್ಲಿನ ಮೇಲೆ ಸೈನಿಕರು ಭುಜಕ್ಕೆ ಹಾಕುವ ಎರಡು ಹಿತ್ತಾಳೆ ನಕ್ಷತ್ರಗಳನ್ನು ಒಂದೊಂದಾಗಿ ಬೀಳಿಸಿ ಆಲಿಸುತ್ತಾರೆ. ಹಗಲಿನ ಗಲಾಟೆಯಲ್ಲಿ ಈ ವ್ಯತ್ಯಾಸ ಕಿವಿಗೆ ಸಿಗದು. ಅಚ್ಚೊತ್ತಿ ಮಾಡಿದ್ದು ಟಣ್ ಎನ್ನುತ್ತದೆ, ಬಜಾರಿನಲ್ಲಿ ಎರಕ ಹೊಯ್ದದ್ದು ಟಪ್ ಎಂದು ಸುಮ್ಮನೆ ಬೀಳುತ್ತದೆ. ಜೋಡಿ ಎಂದು ಬಂದಿರುವ ಇವು ಜೋಡಿಯಲ್ಲ. ಆ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ.

ಹಳೆಯ ಸೈನಿಕ ಬಿಲ್ಲೆಗಳನ್ನು ಸಂಗ್ರಹಿಸುವವರು ಇಂದಿರಾನಗರದಿಂದಲೂ ದೂರದೂರುಗಳಿಂದಲೂ ಹಾಶಿಮ್ ಅವರ ಬಾಗಿಲಿಗೆ ಬರುತ್ತಾರೆ. ಇದು ಯಾವ ಪದವಿಯದು, ಯಾವ ಕಾಲದ್ದು? ಕಿರೀಟವಿದ್ದರೆ ಗಣರಾಜ್ಯಕ್ಕೆ ಮುಂಚಿನದು, ಸಿಂಹವಿದ್ದರೆ ಆಮೇಲಿನದು. ಅಷ್ಟು ಅವರಿಗೂ ಗೊತ್ತು. ಹಾಶಿಮ್ ಮಾತ್ರ ಬಿಲ್ಲೆಯನ್ನು ಮಗುಚಿ ಹಾಕುತ್ತಾರೆ.

"ಮುಂದೆ ನೋಡಿದ್ರೆ ಪದವಿ, ಹಿಂದೆ ನೋಡಿದ್ರೆ ವಯಸ್ಸು. ಇದು ನನ್ನ ಮಾತಲ್ಲ, ಮುತ್ತಣ್ಣನವರದು," ಎನ್ನುತ್ತಾರೆ. ಹಲಸೂರಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ಮುತ್ತಣ್ಣ, ಗುಂಡಿ ಹಾಕಲು ಸೇರಿದ ಹಾಶಿಮ್‌ಗೆ ಕೊಕ್ಕೆ, ಬೆಸುಗೆ, ಪಟ್ಟಿಯ ದಾರ ಎಲ್ಲವನ್ನೂ ಓದಲು ಕಲಿಸಿದರು. "ಅವರು ಕಲಿಸಿದ್ದೇ ಇವತ್ತಿಗೂ ಅನ್ನ ಹಾಕ್ತಿದೆ. ದಿನಾ ನೆನೆಸ್ಕೊಳ್ತೀನಿ."

ಬೆಳಗಿನ ನಮಾಜು ಮುಗಿಯುತ್ತಲೇ ಕಿಟಕಿಯ ಬೆಳಕಿಗೆ ಕೂರುತ್ತಾರೆ. ಒಂದು ಕಣ್ಣಿನ ದೃಷ್ಟಿ ಹೋಗಿದೆ. ಸಣ್ಣ ಗುರುತುಗಳನ್ನು ಪತ್ನಿ ಉಮ್ಮೆ ಕುಲ್ಸುಂ ನೋಡಿ ಹೇಳಬೇಕು.

"ಹಿತ್ತಾಳೆ ಬೆನ್ನನ್ನ ಇಷ್ಟು ಹೊತ್ತು ನೋಡ್ತಾರೆ. ನನ್ನ ಮುಖ ನೋಡೋಕೆ ಪುರುಸೊತ್ತಿಲ್ಲ," ಎಂದು ಆಕೆ ಚಹಾ ಇಡುತ್ತಾರೆ.

"ನೋಡಿದ್ರೆ ನಿನ್ನ ವಯಸ್ಸು ಹೇಳ್ಬೇಕಾಗತ್ತೆ. ಸುಮ್ನಿರು."

ಆ ನಕ್ಷತ್ರಗಳನ್ನು ತಂದವರು ಒಬ್ಬ ವೃದ್ಧೆ. ನಾಯಬ್ ಸುಬೇದಾರರಾಗಿದ್ದ ಗಂಡನ ಎರಡು ಭುಜಗಳ ಎರಡು ನಕ್ಷತ್ರ. ಮಾಜಿ ಸೈನಿಕರ ಸಂಘವೊಂದು ಅವನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಒಪ್ಪಿದೆ, ಅಸಲಿ ಎಂದು ಹಾಶಿಮ್ ಹೇಳಿದರೆ. ತರುವ ಮೊದಲು ಆಕೆ ಎರಡನ್ನೂ ಫಳಫಳ ಉಜ್ಜಿದ್ದರು. ಸಂಗ್ರಹಕಾರರು ಕಂಡರೆ ಹಣೆ ಚಚ್ಚಿಕೊಳ್ಳುತ್ತಾರೆ. ಉಜ್ಜಿದರೆ ಹಳೆಯ ಬಣ್ಣ ಹೋಗುತ್ತದೆ. ಹಾಶಿಮ್ ಬೈಯುವುದಿಲ್ಲ.

ಮರುದಿನ ಆಕೆ ಬಂದಾಗ ಮೆಲ್ಲಗೆ ಕೇಳುತ್ತಾರೆ: "ಅಮ್ಮ, ಇದನ್ನ ಯಾರು ಉಜ್ಜೋದು?"

"ನಾನೇ ಭಾಯ್. ಅವರಿದ್ದಾಗ ಬೆಳಿಗ್ಗೆ ಎದ್ದು ಅವರು ಉಜ್ಜೋರು. ರಿಟೈರ್ ಆದ್ಮೇಲೂ ಬಿಡ್ಲಿಲ್ಲ, ನನಗೆ ಇವನ್ನ ಮುಟ್ಟೋಕೂ ಬಿಡ್ಲಿಲ್ಲ. ಹೋದ್ಮೇಲೆ ನಾನು ಹಿಡ್ಕೊಂಡೆ."

ಹಾಶಿಮ್‌ಗೆ ಅರ್ಥವಾಗುತ್ತದೆ. ಎಂದೋ ಒಂದು ನಕ್ಷತ್ರ ಕಳೆದಿದೆ. ಮನೆಯಾಕೆ ನೊಂದುಕೊಳ್ಳಬಾರದೆಂದು ಗಂಡ ಬಜಾರಿನಿಂದ ಇನ್ನೊಂದನ್ನು ತಂದಿಟ್ಟಿರಬೇಕು. ನಿಜ ಹೇಳಿದರೆ ಆಕೆಯ ಅಷ್ಟೂ ಬೆಳಗುಗಳಿಗೆ ಏಟು ಬೀಳುತ್ತದೆ. ಜೋಡಿಯೇ ಎಂದು ಸುಳ್ಳು ಹೇಳಿದರೆ ಕಲಿಸಿದ ಮುತ್ತಣ್ಣನವರಿಗೆ ದ್ರೋಹ.

"ಪೆಟ್ಟಿಗೆಗೆ ಒಂದು ಸಾಕು ಅಮ್ಮ. ಇದು ಅರವತ್ತರ ದಶಕದ್ದು, ಅಚ್ಚೊತ್ತಿದ್ದು, ಅಸಲಿ. ಇದರ ಮೇಲೆ ಕೈಯಿಟ್ಟು ಹೇಳ್ತೀನಿ. ಇನ್ನೊಂದು ಮನೇಲಿರ್ಲಿ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಎರಡೂ ಕೊಟ್ಬಿಡು ಅಂದಿದ್ಲು ಮಗಳು. ಬೆಳಿಗ್ಗೆ ಎದ್ರೆ ಕೈಗೆ ಏನೂ ಇರಲ್ವಲ್ಲ ಅಂತ ಹೆದರಿಕೆ ಆಗಿತ್ತು. ಹೇಳೋಕೆ ನಾಚಿಕೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ ಭಾಯ್."

ಸಂಘದವರು ಒಂದನ್ನೇ ಒಪ್ಪಿಕೊಂಡಿದ್ದಾರೆ. ಹಾಶಿಮ್ ಈ ಸಂಗತಿಯನ್ನು ಹೇಳುವಾಗಲೂ ಹೆಸರು, ಬೀದಿ, ಸೇನೆಯ ಪಲ್ಟಣ ಒಂದನ್ನೂ ಬಾಯಿಬಿಡುವುದಿಲ್ಲ.

"ಆ ಅಮ್ಮ ಯಾರ ಮನೆಯವರು?" ಉಮ್ಮೆ ಕುಲ್ಸುಂ ಒಳಗಿನಿಂದ ಕೇಳುತ್ತಾರೆ.

"ದೊಡ್ಡ ಮನೆಯವರು," ಎನ್ನುತ್ತಾರೆ ಹಾಶಿಮ್. ಆಕೆ ಯಾರೆಂದು ಅದಕ್ಕಿಂತ ಹೆಚ್ಚು ಯಾರಿಗೂ, ಹೆಂಡತಿಗೂ, ಹೇಳಬಾರದೆಂದು ಅವರು ಆಗಲೇ ನಿರ್ಧರಿಸಿದ್ದಾರೆ.