ಸಡಿಲ ಗುಂಡು, ನಡುಗದ ಕೈ

ಮೊನ್ನೆ ಮಿಕ್ಸಿಯ ಗ್ಯಾರಂಟಿ ಕಾರ್ಡು ಹುಡುಕುತ್ತಾ ಬೀರುವಿನ ಕೆಳಗಿನ ಅರೆಗೆ ಕೈ ಹಾಕಿದಾಗ ಒಂದು ಚಪ್ಪಟೆ ಡಬ್ಬಿ ಗಲಗಲ ಎಂದಿತು. ಮುಚ್ಚಳ ತೆಗೆದರೆ ಏರ್ ರೈಫಲ್ಲಿನ ಸೀಸದ ಗುಂಡುಗಳು. ಮೆಂತ್ಯದ ಕಾಳಿಗಿಂತ ತುಸು ದಪ್ಪ, ನಡುವೆ ಸಣ್ಣ ಸೊಂಟ. ಒಂದನ್ನು ಎತ್ತಿಕೊಂಡೆ. ಬೆರಳ ತುದಿಗೆ ಬೂದುಬಣ್ಣ ಹತ್ತಿತು. ಕಾರ್ಡಿನ ವಿಷಯ ಅಲ್ಲೇ ಮರೆತುಹೋಯಿತು. ಮಿಕ್ಸಿ ಇನ್ನೂ ರಿಪೇರಿಯಾಗಿಲ್ಲ, ಅದು ಬೇರೆ ಮಾತು.

ನಾನೂ ರೈಫಲ್ ಹಿಡಿದವಳು ಎಂದರೆ ನೀವು ನಗುತ್ತೀರಿ. ನನ್ನ ಮನೆಯವರೂ ನಗುತ್ತಾರೆ. ಈಗ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಫೈಲು ಕಟ್ಟುವ ನಾನು ಅದಕ್ಕೂ ಮುಂಚೆ ಶಿಡ್ಲಘಟ್ಟದಲ್ಲಿದ್ದೆ. ಬಿಪಿ ಇದೆ, ಏನಾದರೂ ಆಟ ಆಡಿ ಎಂದು ಡಾಕ್ಟರು ಹೇಳಿದ್ದರು. ಓಡುವುದು, ನೆಗೆಯುವುದು ನನ್ನ ಜಾಯಮಾನವಲ್ಲ. ನಿಂತಲ್ಲೇ ನಿಂತು ಆಡುವ ಆಟವೊಂದು ಮನೆಯ ಹಿತ್ತಲಿನಲ್ಲೇ ಸಿಕ್ಕಿತು.

ಹಿತ್ತಲು ನಮ್ಮ ಮನೆ ಮಾಲೀಕರಾದ ಖಾದರ್ ಸಾಬರದು. ಮೂವತ್ತು ವರ್ಷ ಕುದಿಯುವ ನೀರಿನ ಮುಂದೆ ಕೂತು ರೇಷ್ಮೆ ನೂಲು ತೆಗೆದವರು. ಆ ಬೆರಳುಗಳನ್ನು ನೀವು ನೋಡಬೇಕಿತ್ತು. ಬೆಂದು ಬೆಂದು ಬೆಳ್ಳಗಾದ ಚರ್ಮ, ಆದರೆ ಗೂಡಿನ ಮೇಲೆ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಮುಟ್ಟಿಯೇ ಹಿಡಿಯುತ್ತಿದ್ದವು. ಕೆಲಸ ಬಿಟ್ಟ ಮೇಲೆ ಅವರು ಹಳೆಯ ಏರ್ ರೈಫಲ್ ಒಂದನ್ನು ಕೊಂಡಿದ್ದರು. ಅದರ ಹೊಟ್ಟೆಯ ಕೆಳಗೊಂದು ಉದ್ದನೆಯ ಲಿವರ್. ಅದನ್ನು ಕೆಳಕ್ಕೆ ಎಳೆದರೆ ಒಳಗಿನ ಸ್ಪ್ರಿಂಗು ಬಿಗಿದು, ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತಿತ್ತು. ಅಲ್ಲಿ ಗುಂಡು ಇಟ್ಟು ಲಿವರನ್ನು ಮೇಲಕ್ಕೆ ತಂದರೆ ಸಿದ್ಧ. ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಲಿನ ಗೋಡೆಗೆ ಮಣ್ಣಿನ ಮೂಟೆ ಒರಗಿಸಿ, ಅದರ ಮೇಲೆ ಕಾಗದ ಅಂಟಿಸಿ, ಉಸಿರು ಹಿಡಿದು ಹೊಡೆಯುತ್ತಿದ್ದರು. ಐದು ಗುಂಡು ಬಿದ್ದರೂ ತೂತು ಒಂದೇ. ಅದರ ಮೇಲೆ ಎಂಟಾಣೆ ಬಿಲ್ಲೆ ಇಟ್ಟರೆ ಮುಚ್ಚಿಹೋಗಬೇಕು.

ನನಗೂ ಕಲಿಸಿದರು. ನನ್ನ ಗುಂಡುಗಳು ಮೂಟೆಯನ್ನು ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ ಎನ್ನುವುದೇ ನನ್ನ ಹೆಮ್ಮೆ. "ಪರವಾಗಿಲ್ಲ ಕಣಮ್ಮಾ, ಗೋಡೆ ಉಳ್ಕೊಂತಲ್ಲ," ಎನ್ನುತ್ತಿದ್ದರು.

ಒಮ್ಮೆ ನಾನು ಕಚೇರಿ ಕೆಲಸದ ಮೇಲೆ ಬೆಂಗಳೂರಿಗೆ ಹೊರಟಾಗ, ಗುಂಡು ಮುಗಿದಿದೆ, ತಂದುಕೊಡು ಎಂದರು. "ಹಳೇ ಡಬ್ಬಿ ತಗೊಂಡ್ಹೋಗಿ ತೋರ್ಸಮ್ಮಾ, ಅದೇ ಬೇಕು ಅನ್ನು." ನಾನು ಡಬ್ಬಿಯನ್ನು ಅಡುಗೆಮನೆಯ ಕಿಟಕಿಯಲ್ಲೇ ಮರೆತು ಬಸ್ಸು ಹತ್ತಿದೆ. ಸೀಸದ ಗುಂಡಿನಲ್ಲಿ ಏನು ಮಹಾ ವ್ಯತ್ಯಾಸ ಎಂದುಕೊಂಡು, ಹೆಚ್ಚು ಹೊಳೆಯುತ್ತಿದ್ದ ನಾಲ್ಕು ಡಬ್ಬಿ ತಂದುಕೊಟ್ಟೆ. ಅವರು ಕನ್ನಡಕ ಹಾಕಿಕೊಳ್ಳದೆ ಸಂತೋಷದಿಂದ ತೆಗೆದುಕೊಂಡರು.

ಆಮೇಲಿನ ಭಾನುವಾರಗಳಲ್ಲಿ ಕಾಗದದ ಮೇಲಿನ ತೂತುಗಳು ಒಂದನ್ನೊಂದು ಬಿಟ್ಟು ದೂರ ಸರಿಯತೊಡಗಿದವು. ಮೊದಲು ಅಂಗೈಯಷ್ಟು, ಆಮೇಲೆ ತಟ್ಟೆಯಷ್ಟು. ಸಾಬರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯಲು ಶುರುಮಾಡಿದ್ದನ್ನು ನಾನು ನೋಡಿದೆ. ಚಳಿಗೆ ಇರಬೇಕು ಎಂದುಕೊಂಡೆ. ಏಪ್ರಿಲ್ ತಿಂಗಳಲ್ಲಿ ಶಿಡ್ಲಘಟ್ಟದಲ್ಲಿ ಎಂಥ ಚಳಿ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಇರಲಿಲ್ಲ.

ಒಂದು ಭಾನುವಾರ ಹಿತ್ತಲಿಗೆ ಹೋದರೆ ಅವರಿರಲಿಲ್ಲ. ಅವರ ಹೆಂಡತಿ ಜುಬೇದಾ ಆಪಾ ರೈಫಲನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು.

"ಇದನ್ನ ನಿಂಗೆ ಕೊಟ್ಬಿಡು ಅಂದ್ರಮ್ಮಾ. ಅವ್ರು ಬೆಳಿಗ್ಗೇನೇ ಚಿಂತಾಮಣಿಗೆ ಹೋದ್ರು."

"ಯಾಕೆ ಆಪಾ? ಏನಾಯ್ತು?"

ಅವರು ಕಟ್ಟೆಯ ಮೇಲೆ ಕೂತರು. "ನಮ್ಮ ಮಾವನೋರಿಗೆ ಕೈ ನಡುಗೋ ಕಾಯ್ಲೆ ಇತ್ತು. ಕೊನೇಗೆ ಅನ್ನ ನಾನೇ ತಿನ್ನಿಸ್ತಿದ್ದೆ. ಅದು ತಮಗೂ ಬಂತು ಅಂತ ಇವ್ರು ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ನರದ ಡಾಕ್ಟ್ರತ್ರ ಹೋಗಿ ಬರ್ತೀನಿ, ಯಾರಿಗೂ ಹೇಳ್ಬೇಡ ಅಂದ್ರು. ನಿಂಗೆ ಹೇಳ್ಬಿಟ್ಟೆ ನೋಡು."

ರೈಫಲ್ ನನ್ನ ಮಡಿಲಲ್ಲಿ ಭಾರವಾಯಿತು. ಕೆಟ್ಟಿರುವುದು ರೈಫಲ್ಲೇ ಇರಬಹುದೇ ಎಂದು ಎದ್ದು ಒಂದು ಗುಂಡು ಹೊಡೆದೆ. ಎಲ್ಲೋ ಹೋಯಿತು. ಇನ್ನೊಂದು ಹೊಡೆದೆ. ಇನ್ನೆಲ್ಲೋ ಹೋಯಿತು. ಆದರೆ ನಾನು ಗುರಿ ತಪ್ಪುವುದು ಯಾವ ಕೋರ್ಟಿನಲ್ಲೂ ಸಾಕ್ಷಿಯಾಗುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಒಳ್ಳೆಯ ಗುರಿಕಾರಳಾಗಿರಬೇಕಿತ್ತು ಅನ್ನಿಸಿತು.

ಆಗ ಹೊಳೆದದ್ದು ಇಷ್ಟು: ಕೈಯೇ ಇಲ್ಲದೆ ಹೊಡೆದರೆ?

"ಆಪಾ, ಮರಳಿನ ಮೂಟೆ ಇದೆಯಾ?"

ಮನೆ ರಿಪೇರಿಗೆ ತರಿಸಿದ್ದ ಮರಳಿತ್ತು. ಇಬ್ಬರೂ ಸೇರಿ ಎರಡು ಚೀಲ ತುಂಬಿ ಕಲ್ಲುಬೆಂಚಿನ ಮೇಲಿಟ್ಟು, ನಡುವೆ ರೈಫಲನ್ನು ಅಲುಗಾಡದಂತೆ ಹುದುಗಿಸಿದೆವು. ನಾನು ಟ್ರಿಗರ್ ಮಾತ್ರ ಮೆಲ್ಲಗೆ ಒತ್ತಿದೆ. ಐದು ಗುಂಡು. ಕಾಗದ ತಂದು ನೋಡಿದರೆ ಐದೂ ಐದು ದಿಕ್ಕು.

"ಆಪಾ, ನಡುಗ್ತಿರೋದು ಸಾಬರ ಕೈಯಲ್ಲ!"

ಅವರು ನನ್ನನ್ನೇ ನೋಡಿದರು, ಆಮೇಲೆ ಮರಳಿನ ಚೀಲವನ್ನು. "ಮೂಟೆಗೆ ಎಲ್ಲಿ ಕಾಯ್ಲೆ ಬರತ್ತೆ?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಳಿಗೆಯೊಳಗೆ ಕಡ್ಡಿಯಿಂದ ಬಟ್ಟೆ ಚೂರು ತೂರಿಸಿದೆ. ಬಟ್ಟೆಯ ಜೊತೆ ಬೂದುಬಣ್ಣದ ಸಣ್ಣ ಹಕ್ಕಳೆಗಳು ಬಂದವು. ಒಳಗೋಡೆಗೆ ಸೀಸ ಹತ್ತಿಕೊಂಡಿತ್ತು. ಆಮೇಲೆ ಲಿವರನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ನಾನು ತಂದಿದ್ದ ಗುಂಡೊಂದನ್ನು ನಳಿಗೆಯ ಹಿಂಬದಿಗೆ ಇಟ್ಟೆ. ಅದು ತಾನಾಗಿ ಒಳಕ್ಕೆ ಜಾರಿತು. ಅಡುಗೆಮನೆಯ ಕಿಟಕಿಯಿಂದ ಹಳೆಯ ಡಬ್ಬಿ ತಂದು, ಅದರ ಮೂಲೆಯಲ್ಲಿ ಉಳಿದಿದ್ದ ಎರಡು ಗುಂಡುಗಳಲ್ಲಿ ಒಂದನ್ನು ಇಟ್ಟರೆ, ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದ ಮೇಲೆಯೇ ಕೂತಿತು. ಎರಡೂ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಹಳೆಯದರ ತಳದಲ್ಲಿ ೪.೫೨ ಎಂದಿತ್ತು, ನಾನು ತಂದದ್ದರಲ್ಲಿ ೪.೪೯. ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಆ ಮೂರು ಪಾಲಿನ ಸಂದಿಯಲ್ಲಿ ಗಾಳಿ ಸೋರಿ, ಗುಂಡು ನಳಿಗೆಯ ಒಳಗೋಡೆಗೆ ಬಡಿದುಕೊಂಡು ಸೀಸ ಬಳಿಯುತ್ತಾ ಹೋಗಿತ್ತು. ಆ ಸಂದಿಯಲ್ಲೇ ಒಬ್ಬ ಮನುಷ್ಯನ ನಿದ್ದೆಯೂ ಸೋರಿಹೋಗಿತ್ತು.

ಸಾಬರು ಮಧ್ಯಾಹ್ನದ ಬಸ್ಸಿಗೆ ಬಂದರು. ಮುಖ ಒಣಗಿತ್ತು. ಡಾಕ್ಟರು ಏನಂದರು ಎಂದು ಆಪಾ ಕೇಳಿದರೆ, "ಒಳಗೇ ಹೋಗಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಕೂತಿದ್ದು ವಾಪಸ್ ಬಂದೆ," ಎಂದರು.

ನಾನು ಕಾಗದ, ಬಟ್ಟೆ, ಡಬ್ಬಿ ಎಲ್ಲವನ್ನೂ ಅವರ ಮುಂದಿಟ್ಟು ತಪ್ಪೊಪ್ಪಿಕೊಂಡೆ. "ನೀವು ಡಬ್ಬಿ ತೋರಿಸು ಅಂದಿದ್ರಿ. ನಾನು ಮರೆತೆ. ಹೊಳೀತಿದೆ ಅಂತ ಇದನ್ನ ತಂದೆ." ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

ಅವರು ಬೈಯಲಿಲ್ಲ. ಎರಡು ಡಬ್ಬಿಯಿಂದ ಒಂದೊಂದು ಗುಂಡು ತೆಗೆದು, ಕಣ್ಣು ಮುಚ್ಚಿ, ಎರಡು ಕೈಯ ಬೆರಳುಗಳ ನಡುವೆ ಹೊರಳಿಸಿದರು. ಬಹಳ ಹೊತ್ತು ಹೊರಳಿಸಿದರು. ಆಮೇಲೆ ಬಲಗೈ ಎತ್ತಿ, "ಇದು ಸಣ್ಣದು," ಎಂದರು. ಸರಿಯಾಗಿ ಹೇಳಿದ್ದರು.

"ಮೂವತ್ತು ವರ್ಷ ಎಳೆ ದಪ್ಪವೋ ಸಣ್ಣದೋ ಬೆರಳಲ್ಲೇ ಹೇಳಿದೋನು ನಾನು. ಇದನ್ನ ಒಂದು ಸಲ ಮುಟ್ಟಿ ನೋಡ್ಬೇಕು ಅನ್ನಿಸ್ಲಿಲ್ಲವಲ್ಲಮ್ಮಾ! ಹೆದ್ರಿಕೆ ಬಂದ್ರೆ ಬೆರಳೂ ಕುರುಡಾಗತ್ತೆ ನೋಡು." ನಗಲು ಹೋದರು. ನಗು ಅರ್ಧಕ್ಕೇ ಒಡೆದು, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆಪಾ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಗೋಡೆ ನೋಡುತ್ತಾ ನಿಂತೆ.

ಮುಂದಿನ ವಾರ ಮೂವರೂ ಚಿಂತಾಮಣಿಗೆ ಹೋದೆವು. ಗುಂಡು ಸಡಿಲ ಎಂದ ಮಾತ್ರಕ್ಕೆ ಕೈಯನ್ನು ತೋರಿಸದೆ ಬಿಡಬಾರದು ಎಂದು ಆಪಾ ಹಟ ಹಿಡಿದಿದ್ದರು. ಡಾಕ್ಟರು ಕಾಗದದ ಮೇಲೆ ಸುರುಳಿ ಬರೆಸಿದರು, ಬೆರಳಿಂದ ಮೂಗು ಮುಟ್ಟಿಸಿದರು, ನಡೆಸಿ ನೋಡಿದರು. "ಏನೂ ಇಲ್ಲ ಯಜಮಾನ್ರೇ, ಆರಾಮಾಗಿ ಮನೇಗೆ ಹೋಗಿ," ಎಂದರು. ಹೊರಗೆ ಬಂದು ಮೂವರೂ ಕಬ್ಬಿನ ಹಾಲು ಕುಡಿದೆವು. ಎದೆಯ ಮೇಲೆ ಕೂತಿದ್ದ ಬಂಡೆ ಇಳಿದ ಮೇಲೆ ಕುಡಿದ ಆ ಕಬ್ಬಿನ ಹಾಲಿನ ರುಚಿಯನ್ನು ಆಮೇಲೆ ಎಲ್ಲಿ ಹುಡುಕಿದರೂ ನನಗೆ ಸಿಕ್ಕಿಲ್ಲ.

ಮೊನ್ನೆ ಬೀರುವಿನಲ್ಲಿ ಸಿಕ್ಕ ೪.೪೯ರ ಆ ಡಬ್ಬಿಯನ್ನು ಮುಚ್ಚಿ, ಸೋಪು ಹಚ್ಚಿ ಕೈ ತೊಳೆದುಕೊಂಡೆ. ವರ್ಗವಾಗಿ ಇಲ್ಲಿಗೆ ಬಂದಮೇಲೆ ಶಿಡ್ಲಘಟ್ಟಕ್ಕೆ ಹೋಗುವುದು ಕಡಿಮೆಯಾಗಿತ್ತು. ಆ ಭಾನುವಾರವೇ ಹೊರಟುಬಿಟ್ಟೆ. ಸಾಬರಿಗೆ ಈಗ ಎಪ್ಪತ್ತು ದಾಟಿದೆ. ನನ್ನ ಮುಂದೆ ಐದು ಗುಂಡು ಹೊಡೆದರು. ನಾಲ್ಕು ಒಂದೇ ಕಡೆ, ಐದನೆಯದು ಒಂದಂಗುಲ ಆಚೆ. ನಳಿಗೆ ನೋಡೋಣವೇ ಎಂದು ಎದ್ದೆ.

"ಕೂತ್ಕೊಳಮ್ಮಾ," ಎಂದರು ಸಾಬರು. "ನಳಿಗೆ ಚೆನ್ನಾಗಿದೆ, ಗುಂಡೂ ಸರಿಯಾಗಿದೆ. ಹೊಡೆಯೋವಾಗ ಒಳಗಡೆ ಒಗ್ಗರಣೆ ಚಟಪಟ ಅಂತು, ಮನಸ್ಸು ಅಡುಗೆಮನೇಗೆ ಓಡ್ತು. ಇದು ಪೂರ್ತಿ ನಂದೇ ತಪ್ಪು."

ಎಷ್ಟು ಹಗುರಾಗಿ ಹೇಳಿದರು! ತಪ್ಪು ತನ್ನದೇ ಎನ್ನುವುದು ಇಷ್ಟು ಸುಖದ ಮಾತಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಮೂವರೂ ಊಟಕ್ಕೆ ಎದ್ದೆವು.