ಎರಡು ಎಕರೆ ಹತ್ತು ಗುಂಟೆ

ನನ್ನ ಸೋದರಮಾವ ಹರಿಹರದಲ್ಲಿ ಪತ್ರ ಬರಹಗಾರರು. ಕ್ರಯಪತ್ರದಲ್ಲಿ ಜಮೀನಿನ ಅಳತೆಯನ್ನು ಅಂಕಿಯ ಜೊತೆ ಅಕ್ಷರದಲ್ಲೂ ಬರೆಯಬೇಕು. ಅಂಕಿ ಕೊಟ್ಟರೆ ಅಕ್ಷರಕ್ಕೆ ತಿರುಗಿಸುವ ಪುಟ್ಟ ಪ್ರೋಗ್ರಾಮ್ ಒಂದನ್ನು ಸೋಮವಾರ ನಾನು ಮಾಡಿಕೊಟ್ಟೆ. ‘ಹೆಂಗೋ ನಂಬ್ಲಿ ಇದನ್ನ?’ ಎಂದ ಮಾವನನ್ನು ಚರ್ಚಾಸ್ಪರ್ಧೆಯ ಎದುರಾಳಿಯಂತೆ ಕೆಡವಿದ್ದೆ: ‘ಮನುಷ್ಯಂಗೆ ನಿದ್ದೆ ಬರ್ತೈತೆ ಮಾವ, ಇದಕ್ಕೆ ಬರಲ್ಲ.’

ಅದೇ ವಾರದ ಕೊನೆಗೆ ದಾವಣಗೆರೆಯಿಂದ ಮಾವನ ಕಚೇರಿಗೆ ಹೋದಾಗ, ಮಂಡಕ್ಕಿ ಭಟ್ಟಿ ನಡೆಸುವ ಹೆಂಗಸೊಬ್ಬರು ಎರಡು ಎಕರೆ ಹತ್ತು ಗುಂಟೆ ಕೊಳ್ಳಲು ಬಂದಿದ್ದರು. ಸಹಿಗೆ ಮುಂಚೆ ಪತ್ರವನ್ನು ಎಲ್ಲರಿಗೂ ಕೇಳುವಂತೆ ಓದುವುದು ರೂಢಿ. ಮಾವ ಓದತೊಡಗಿದರು. ಪಕ್ಕದ ಚೀಟಿಯಲ್ಲಿ ಅವರು ಅಳತೆಯನ್ನು 2.10 ಎಂದು ಬರೆದುಕೊಂಡಿದ್ದರು. ನಮ್ಮ ಕಡೆ ಚುಕ್ಕಿಯ ಆಚೆಗಿರುವುದು ಗುಂಟೆ. ಕಂಪ್ಯೂಟರಿಗೆ ಅದು ಬರೀ ದಶಮಾಂಶ. ಕೊನೆಯ ಸೊನ್ನೆಯನ್ನು ಅದು ಉದುರಿಸಿ 2.1 ಮಾಡಿದ್ದರೆ ಹತ್ತು ಗುಂಟೆ ಒಂದಾಗಿರುತ್ತದೆ! ಪತ್ರದಲ್ಲಿದ್ದಷ್ಟೇ ಆಕೆಯ ನೆಲ. ಆಕೆ ಆಗಲೇ ಪೆನ್ನು ಹಿಡಿದಿದ್ದರು.

‘ಎರಡು ಎಕರೆ ಒಂದು ಗುಂಟೆ,’ ಎಂದು ಮಾವ ಅದೇ ರಾಗದಲ್ಲಿ ಓದಿ ಮುಂದೆ ಹೋದರು. ಯಾರೂ ತಲೆ ಎತ್ತಲಿಲ್ಲ.

‘ನಿಲ್ಸಿ ಮಾವ! ಒಂದಲ್ಲ, ಹತ್ತು!’ ನಾನು ಎದ್ದು ಪತ್ರದ ಮೇಲೆ ಕೈಯಿಟ್ಟೆ.

‘ಒಂಬತ್ತು ಗುಂಟೆ ನುಂಗಿತಲ್ಲಪ್ಪ ನಿನ್ನ ಮಿಷಿನ್ನು! ಹಸಿವಾಗಿತ್ತಂದ್ರೆ ನಾನೇ ಮಂಡಕ್ಕಿ ಕೊಡ್ತಿದ್ದೆ,’ ಎಂದು ಆಕೆ ನಕ್ಕರು.

ಮಾವ ನಗಲಿಲ್ಲ. ಅಳತೆ ತಿದ್ದಿ, ನನ್ನ ಕಡೆ ನೋಡದೆ ಕೇಳಿದರು: ‘ಸೋಮವಾರದಿಂದ ನೋಂದಣಿ ಆದವೆಲ್ಲ ಇದ್ರಾಗೇ ಬರ್ದಿದ್ದಲ್ಲೇನೋ?’

ಕಪಾಟಿನಿಂದ ಆ ಪತ್ರಗಳ ಪ್ರತಿಗಳನ್ನು ಇಳಿಸುವಾಗ, ಹತ್ತು, ಇಪ್ಪತ್ತು, ಮೂವತ್ತು ಗುಂಟೆಯ ಜಮೀನು ಒಂದೂ ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾರನ್ನು ಬೇಡುತ್ತಿದ್ದೇನೆಂಬುದು ದೇವರನ್ನು ನಂಬದ ನನಗೇ ತಿಳಿಯಲಿಲ್ಲ.