ಎಲ್‌ಕೆಜಿಯ ಮಧ್ಯಾಹ್ನ

ಉರಿಗಾಂನಿಂದ ಬೆಳಿಗ್ಗೆಯ ರೈಲಿಗೆ ಬಂಗಾರಪೇಟೆ, ಅಲ್ಲಿಂದ ಬೂದಿಕೋಟೆ ಬಸ್ಸು. ದಾರಿಯಲ್ಲೇ ಇಳಿದು ಹತ್ತು ನಿಮಿಷ ನಡೆದರೆ ನಮ್ಮ ಸರ್ಕಾರಿ ಶಾಲೆ. ಅಲ್ಲಿ ಎಲ್‌ಕೆಜಿ ಶುರುವಾದಾಗ ನನ್ನನ್ನು ಟೀಚರಾಗಿ ತೆಗೆದುಕೊಂಡರು. ಮೊದಲು ಹನ್ನೆರಡೂವರೆಗೆ ಬಿಟ್ಟುಬಿಡುತ್ತಿದ್ದೆವು. ದಸರೆ ರಜೆ ಕಳೆದ ಮೇಲೆ ಹೆಡ್‌ಮಾಸ್ಟರು ಮೇಲಿನವರನ್ನು ಕೇಳಿಕೊಂಡು ಅದನ್ನು ನಾಲ್ಕು ಗಂಟೆಯವರೆಗೆ ಮಾಡಿದರು. ಆದರೆ ಅದು ತಾತ್ಕಾಲಿಕ. ಇಲಾಖೆಯ ಸಾಹೇಬರೊಬ್ಬರು ಬಂದು, ಮಧ್ಯಾಹ್ನ ಮಕ್ಕಳು ನಿಜಕ್ಕೂ ಇರುತ್ತಾರಾ, ಇದ್ದರೆ ಏನು ಕಲಿಯುತ್ತಾರೆ ಅಂತ ನೋಡಿ ಬರೆದ ಮೇಲೆ ಮುಂದಿನ ಮಾತು.

ಆ ನಾಲ್ಕು ಗಂಟೆಯನ್ನು ನಂಬಿಕೊಂಡು ಒಬ್ಬ ತಾಯಿ ಬಂಗಾರಪೇಟೆಯ ಗಾರ್ಮೆಂಟ್ಸಿಗೆ ಸೇರಿದ್ದಳು. ಬೆಳಿಗ್ಗೆ ವ್ಯಾನು ಹತ್ತಿದರೆ ಇಳಿಯುವುದು ಸಂಜೆ ಐದೂವರೆಗೆ. ಮನೆಯಲ್ಲಿ ಬೇರೆ ದೊಡ್ಡವರಿಲ್ಲ. ದೊಡ್ಡ ಮಗಳು ನಮ್ಮಲ್ಲೇ ನಾಲ್ಕನೇ ಕ್ಲಾಸು, ಚಿಕ್ಕವಳು ನನ್ನ ಹತ್ತಿರ. ನಾಲ್ಕಕ್ಕೆ ಅಕ್ಕ ತಂಗಿಯ ಕೈ ಹಿಡಿದು ಕರೆದುಕೊಂಡು ಹೋಗುತ್ತಿತ್ತು. "ನಿಮ್ ಮಧ್ಯಾಹ್ನದ ಕ್ಲಾಸ್ ನಿಂತ್ರೆ ನನ್ ಕೆಲ್ಸಾನೂ ನಿಂತಂಗೇ ಮಿಸ್ಸೇ," ಅಂತ ಒಂದು ಸಲ ಹೇಳಿದ್ದಳು. ನಗುತ್ತಲೇ ಹೇಳಿದ್ದು, ಆದರೆ ನಾನು ಆ ಮಾತು ಮರೆತಿರಲಿಲ್ಲ.

ಸಾಹೇಬರು ಬರುವ ಸುದ್ದಿ ಹಿಂದಿನ ದಿನ ಬಂತು. ಮಕ್ಕಳನ್ನು ಕರೆದೊಯ್ಯಲು ಬಂದವರಿಗೆಲ್ಲ ನಾನೇ ಹೇಳಿದೆ: "ನಾಳೆ ಮಧ್ಯಾಹ್ನ ಎರಡು ಗಂಟೆಗೆ ಸಾಹೇಬ್ರು ಬರ್ತಾರೆ, ಮಕ್ಕಳು ನೀಟಾಗಿರ್ಲಿ." ಅಷ್ಟು ಹೇಳಿ ಬಸ್ಸು ಹಿಡಿದೆ.

ಮರುದಿನ ಬಿಸಿಯೂಟದ ಹೊತ್ತಿಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ಹಾಜರಿ ಪುಸ್ತಕ ಸರಿಮಾಡಿಕೊಂಡು ವಾಪಸ್ಸು ಬರುತ್ತೇನೆ, ಕ್ಲಾಸು ಖಾಲಿ. ನೆಲದ ಮೇಲೆ ಹಳೇ ಸೀರೆಗಳನ್ನು ಹಾಸಿದ್ದು ಹಾಸಿದಂತೆಯೇ ಇದೆ. ಮೂಲೆಯಲ್ಲಿ ಗಾರ್ಮೆಂಟ್ಸಿನವಳ ಚಿಕ್ಕ ಮಗಳೊಬ್ಬಳೇ ಮಗ್ಗುಲಾಗಿ ಮಲಗಿದ್ದಾಳೆ.

"ಎಲ್ಲಿ ಮಕ್ಕಳು?" ಅಂತ ಆಯಾನ ಕೇಳಿದೆ.

"ತಾಯಂದ್ರೆಲ್ಲ ಬಂದ್ರು ಕಣಕ್ಕಾ. ಸಾಹೇಬ್ರು ಬತ್ತಾರಂತೆ, ನೀರಾಕಿ, ಒಳ್ಳೆ ಬಟ್ಟೆ ಆಕ್ಸಿ ಕರ್ಕೊಂಬತ್ತೀವಿ ಅಂದ್ರು. ನಾನೇನ್ ಬ್ಯಾಡ ಅನ್ಲಾ?"

ಬೈಯುವುದಕ್ಕೆ ಬಾಯಿ ತೆರೆದೆ. ಆಚೆ ಜೀಪು ನಿಂತ ಸದ್ದಾಯಿತು. ಗಡಿಯಾರದಲ್ಲಿ ಇನ್ನೂ ಒಂದು ಇಪ್ಪತ್ತು.

ಸಾಹೇಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಪುಸ್ತಕ ನೋಡಿದರು, ಕೋಣೆ ನೋಡಿದರು.

"ಹದಿನೆಂಟು ಅಂತ ಬರ್ದಿದೀರಿ."

"ಹೌದು ಸಾರ್. ಸ್ನಾನಕ್ಕೆ ಹೋಗಿದ್ದಾರೆ."

"ಸ್ನಾನಕ್ಕೆ!"

ನನಗೇ ನಾಚಿಕೆಯಾಯಿತು. ಹೆಡ್‌ಮಾಸ್ಟರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ ನಡೆದದ್ದನ್ನು ಹೇಳಿದರು. ಸಾಹೇಬರು ಕೆಟ್ಟವರಲ್ಲ, ಸಮಾಧಾನವಾಗಿಯೇ ಕೇಳಿಸಿಕೊಂಡರು. ಆಮೇಲೆ ಅಂದರು, "ಮಧ್ಯಾಹ್ನ ಮನೆಯಲ್ಲಿ ನೋಡಿಕೊಳ್ಳೋರಿಲ್ಲ ಅಂತ ತಾನೇ ಈ ಕ್ಲಾಸು ಕೇಳಿದ್ದು? ಈಗ ಹದಿನೇಳು ಮಕ್ಕಳಿಗೆ ಸ್ನಾನ ಮಾಡಿಸೋಕೆ ಮನೆಯಲ್ಲಿ ಜನ ಇದ್ದಾರೆ."

ಅವರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಗೇಟಿನಲ್ಲಿ ಗೆಜ್ಜೆ ಸದ್ದು. ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಮದುವೆಗೆ ಹೊಲಿಸಿದ ಜರಿ ಲಂಗ. ಹದಿನೇಳೂ ಸಾಲಾಗಿ ಬಂದವು. ಹಿಂದೆ ತಾಯಂದಿರು. ಸಾಹೇಬರು ಅವರಿಗೂ ಅದೇ ಪ್ರಶ್ನೆ ಹಾಕಿದರು. ಮುಂದಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಊವಿನ ತೋಟದಲ್ಲಿ ಅರ್ಧ ಕೂಲಿ ಬಿಟ್ ಬಂದೀವಿ ಸಾ. ಯಜಮಾನ ಬೈದ್ಕಂಡೇ ಕಳಿಸ್ದ. ದಿನಾ ಬರಕ್ಕಾಯ್ತದಾ? ಎರಡ್ ಗಂಟೆ ಅಂದೋರು ನೀವು ಮುಂಚೇನೇ ಬಂದ್ರೆ ನಾವೇನ್ ಮಾಡಾನ?"

ಹಿಂದಿನಿಂದ ಇನ್ನೊಬ್ಬಳು ಮಗನಿಗೆ ಕೂಗಿದಳು, "ಲೇ, ನೆಲದ್ ಮ್ಯಾಲೆ ಕೂತ್ಕೋಬ್ಯಾಡ ಕಣ್ಲಾ, ಚಡ್ಡಿ ಮಣ್ಣಾಯ್ತದೆ!"

ಸಾಹೇಬರು ಬಂದ ನಗು ನುಂಗಿಕೊಂಡರು. ಆದರೂ ಪೆನ್ನು ಕೈಯಲ್ಲೇ ಇತ್ತು. ಜರಿ ಲಂಗದವರನ್ನು ಒಬ್ಬೊಬ್ಬರನ್ನೇ ಮಾತಾಡಿಸಿದರು. ತಾಯಂದಿರು ನೋಡುತ್ತಿದ್ದಾರೆ, ಮಕ್ಕಳು ಒಬ್ಬರೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಅ ಆ ಇ ಈ ಹಾಡಿದ ಮಕ್ಕಳೇ ಅವು. ಈ ಗಲಾಟೆಗೆ ಎಚ್ಚರವಾಗಿ ಚಿಕ್ಕವಳು ಕಣ್ಣುಜ್ಜಿಕೊಂಡು ಎದ್ದು ಕೂತಿದ್ದಳು. ಸಾಹೇಬರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಮಧ್ಯಾಹ್ನ ಇಲ್ಲಿ ಏನ್ ಮಾಡ್ತೀರಮ್ಮಾ?"

"ಮಲ್ಕೊಂತೀವಿ."

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

"ಆಮೇಲೆ?"

"ಎದ್ದು ಮಾತಾಡ್ತೀವಿ."

"ಏನ್ ಮಾತಾಡ್ತೀರಿ?"

"ನಮ್ ಕರು ಐತಲ್ಲ, ಅದು ಅಕ್ಕನ ನೋಟ್‌ಬುಕ್ ತಿಂದ್‌ಬಿಡ್ತು. ಅಕ್ಕ ಏಡುಸ್ತಾ ಉಂದಿ. ನಾನು ನಗ್ತಿದ್ದೆ. ಅಮ್ಮ ಇಬ್ರಿಗೂ ಏಟು ಕೊಟ್ಲು."

ಅಳುವುದೊಂದಕ್ಕೆ ಮಾತ್ರ ಮನೆಯ ತೆಲುಗು ಬಂದಿತ್ತು. ನಾನು ಆಗ ಬಾಯಿಬಿಟ್ಟೆ. ಜೂನಿನಲ್ಲಿ ಈ ಮಗುವಿಗೆ ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ ಸಾರ್. ಬೆಳಿಗ್ಗೆ ಅಕ್ಷರ ತಿದ್ದಿಸಿದ್ದು ಸರಿ, ಆದರೆ ಮಾತು ಬಂದದ್ದು ನಿದ್ದೆ ಮಾಡಿ ಎದ್ದ ಮೇಲಿನ ಆ ಒಂದೂವರೆ ಗಂಟೆಯಲ್ಲಿ. ಒಂದನೇ ಕ್ಲಾಸಿನ ಪುಸ್ತಕ ಮೊದಲ ಪುಟದಿಂದಲೇ ಮಗುವಿಗೆ ಕನ್ನಡ ಗೊತ್ತು ಅಂದುಕೊಂಡಿರುತ್ತದೆ. ಗೊತ್ತಿಲ್ಲದವರು ಅಲ್ಲೇ ಹಿಂದೆ ಬೀಳುತ್ತಾರೆ, ಐದನೇ ಕ್ಲಾಸಿಗೆ ಬಂದರೂ ಓದೋಕೆ ಬರೋದಿಲ್ಲ ಅಂತ ನಾವೇ ಬೈಯುತ್ತೇವೆ.

ಸಾಹೇಬರು ಎದ್ದು ಬರೆದರು, ಮೊಹರು ಒತ್ತಿದರು, ಹೋದರು. ಬರೆದದ್ದನ್ನು ಹೆಡ್‌ಮಾಸ್ಟರು ಎರಡು ಸಲ ಓದಿದರು: ಮಾರ್ಚ್ ಕೊನೆಯವರೆಗೆ ಮುಂದುವರಿಸಬಹುದು, ಆ ಬಳಿಕ ಮರುಪರಿಶೀಲನೆ.

ಆ ದಿನ ನನ್ನ ಬಸ್ಸು ಹೋಗಲು ಬಿಟ್ಟೆ. ರಸ್ತೆ ಬದಿಯ ಕಲ್ಲಿನ ಮೇಲೆ ಅಕ್ಕತಂಗಿಯರ ಜೊತೆ ಕೂತಿದ್ದೆ. ಐದೂವರೆಗೆ ವ್ಯಾನು ಬಂತು. ಅವರಮ್ಮ ಇಳಿದವಳೇ ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ನಿಲ್ಸ್‌ಬಿಟ್ರಾ ಮಿಸ್ಸೇ?"

"ಇಲ್ಲ. ಮಾರ್ಚ್‌ವರೆಗೂ ಇದೆ."

"ಆಮೇಲೆ?"

"ಗೊತ್ತಿಲ್ಲಮ್ಮಾ."

ಅವಳು ಕೂದಲಿಗೆ ಅಂಟಿದ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತುಹಾಕಿದಳು.

"ಮಾರ್ಚ್‌ವರ್ಗೂ ಓಗ್ತೀನಿ ಬಿಡಿ," ಅಂದಳು. ಚಿಕ್ಕವಳನ್ನು ಸೊಂಟಕ್ಕೆ ಎತ್ತಿಕೊಂಡು ಊರ ಕಡೆಗೆ ನಡೆದಳು.